ಹೆಸರಿರುವ ಕಲ್ಲು, ಹೆಸರಿಲ್ಲದ ಕಲ್ಲು

ಬೆಲ್ಜಿಯಂ ದೇಶದ ಪಶ್ಚಿಮ ಫ್ಲ್ಯಾಂಡರ್ಸ್ ಪ್ರಾಂತದಲ್ಲಿ ಈಪರ್ ಎಂಬ ಪುಟ್ಟ ಊರಿದೆ. ಯುದ್ಧಚರಿತ್ರೆಯ ಗ್ರಂಥಗಳು ಫ್ರೆಂಚ್ ಉಚ್ಚಾರಣೆಯನ್ನನುಸರಿಸಿ ಅದನ್ನು ಈಪ್ರ್ ಎಂದಿವೆ. ಮಧ್ಯಯುಗದಲ್ಲಿ ಬಟ್ಟೆಯ ವ್ಯಾಪಾರದಿಂದ ಸಿರಿವಂತವಾಗಿದ್ದ ಈ ಊರನ್ನು ಹೊರಜಗತ್ತು ಇಂದು ನೆನೆಯುವುದು ಬಟ್ಟೆಗಾಗಿ ಅಲ್ಲ. 1914ರ ಅಕ್ಟೋಬರಿನಿಂದ ನಾಲ್ಕು ವರ್ಷ ಕಾಲ ಮೊದಲನೆಯ ಮಹಾಯುದ್ಧದ ರಣರೇಖೆ ಊರಿನ ಪೂರ್ವಕ್ಕೆ ಬಿಲ್ಲಿನಂತೆ ಬಾಗಿ ನಿಂತಿತ್ತು. ಫಿರಂಗಿಯ ಗುಂಡುಗಳಿಗೆ ಊರು ನೆಲಸಮವಾಯಿತು. ಈಗ ಕಾಣುವ ಬಟ್ಟೆಸಂತೆಯ ಭವ್ಯ ಭವನ ಯುದ್ಧಾನಂತರ ಹಳೆಯ ಮಾದರಿಯಲ್ಲಿಯೇ ಮತ್ತೆ ಕಟ್ಟಿದ್ದು. ಸುತ್ತಲಿನ ಹೊಲಗಳಲ್ಲಿ ಉಳುವ ರೈತರಿಗೆ ಸಿಡಿಯದ ಗುಂಡುಗಳು ಈಗಲೂ ಸಿಗುತ್ತವೆ. ಅವರು ಅವನ್ನು ರಸ್ತೆಯಂಚಿಗೆ ತಂದಿಡುತ್ತಾರೆ. ಸೇನೆಯ ವಾಹನ ಬಂದು ಒಯ್ಯುತ್ತದೆ. ನೂರು ವರ್ಷ ಕಳೆದರೂ ಆ ನೆಲದ ಫಸಲು ಮುಗಿದಿಲ್ಲ.

ಈ ಊರಿನಿಂದ ಪ್ರತಿದಿನ ರಣಭೂಮಿಯ ಪ್ರವಾಸಗಳು ಹೊರಡುತ್ತವೆ. ಬೆಳಗ್ಗೆ ಎಸೆಕ್ಸ್ ಫಾರ್ಮ್, ಅಲ್ಲಿ ಹದಿನೈದರ ಹರೆಯದಲ್ಲಿ ಮಡಿದ ಹುಡುಗನೊಬ್ಬನ ಸಮಾಧಿ. ಬಳಿಕ ಲಾಂಗೆಮಾರ್ಕ್‌ನ ಜರ್ಮನ್ ಸ್ಮಶಾನ. ಮಧ್ಯಾಹ್ನಕ್ಕೆ ಟೈನ್ ಕಾಟ್. ನಡುವೆ ಎಲ್ಲಿಯಾದರೂ ಉಳಿಸಿಟ್ಟ ಕಂದಕಗಳು. ಸಂಜೆ ಎಂಟಕ್ಕೆ ಸರಿಯಾಗಿ ಮೆನಿನ್ ಗೇಟ್ ಎಂಬ ಮಹಾದ್ವಾರದ ಕೆಳಗೆ ಕಹಳೆಯ ಮೊಳಗು. ಈ ಕಹಳೆಯ ವಿಧಿ 1928ರಿಂದ ನಡೆದುಬಂದಿದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಊರನ್ನು ಆಕ್ರಮಿಸಿದ್ದಾಗ ಮಾತ್ರ ಅಲ್ಲಿ ನಿಂತಿತ್ತು. ಆಗ ಇಂಗ್ಲೆಂಡಿನ ಒಂದು ಸೈನಿಕ ಸ್ಮಶಾನದಲ್ಲಿ ಅದನ್ನು ನಡೆಸಿದರು.

ಇಂಥ ಪ್ರವಾಸವನ್ನು ಕಂಡು ಮೂಗು ಮುರಿಯುವವರಿದ್ದಾರೆ. ಸಾವಿನ ನೆಲ ವಿಹಾರಸ್ಥಳವಾಯಿತೆಂಬುದು ಅವರ ಆಕ್ಷೇಪ. ಈ ಆಕ್ಷೇಪ ಹೊಸದೂ ಅಲ್ಲ, ಪೂರ್ತಿ ಸರಿಯೂ ಅಲ್ಲ. ಮಿಶೆಲಿನ್ ಸಂಸ್ಥೆಯ ರಣಭೂಮಿ ಕೈಪಿಡಿಗಳು 1917ರಲ್ಲಿಯೇ, ಯುದ್ಧ ಇನ್ನೂ ನಡೆಯುತ್ತಿದ್ದಾಗ, ಹೊರಬರತೊಡಗಿದ್ದವು. 1928ರ ಆಗಸ್ಟಿನಲ್ಲಿ ಬ್ರಿಟಿಷ್ ಲೀಜನ್ ಏರ್ಪಡಿಸಿದ ಯಾತ್ರೆಯಲ್ಲಿ ಸುಮಾರು 11,000 ಮಂದಿ ಈಪರ್‌ಗೆ ಬಂದರು. ಮಗನನ್ನು ಕಳೆದುಕೊಂಡ ತಾಯಿಯೂ ಕುತೂಹಲದಿಂದ ಬಂದ ಪ್ರವಾಸಿಯೂ ಒಂದೇ ಹಡಗಿನಲ್ಲಿ ಕಡಲು ದಾಟಿದ ಕಾಲ ಅದು. ಯಾತ್ರೆಗೂ ವಿಹಾರಕ್ಕೂ ನಡುವಿನ ಗೆರೆ ಆರಂಭದಿಂದಲೂ ಮಸುಕಾಗಿಯೇ ಇತ್ತು. ಹಾಗಾಗಿ ದೋಷ ಹೋಗುವುದರಲ್ಲಿ ಇಲ್ಲ, ಓದುವ ಬಗೆಯಲ್ಲಿದೆ. ಪ್ರವಾಸಿ ಸಾಲುಸಾಲು ಬಿಳಿಯ ಕಲ್ಲುಗಳನ್ನು ನೋಡುತ್ತಾನೆ, ಎದೆ ಭಾರವಾಗುತ್ತದೆ, ಸಂಖ್ಯೆ ಕೇಳಿ ನಿಟ್ಟುಸಿರು ಬಿಡುತ್ತಾನೆ. ಅವನು ನೋಡಿದ್ದು ಒಂದು ದೃಶ್ಯವನ್ನು. ಆದರೆ ಅವನೆದುರು ಇದ್ದದ್ದು ಒಂದು ಪಠ್ಯ. ಯಾರೋ ಕುಳಿತು ಯೋಚಿಸಿ, ವಾದಿಸಿ, ಕೆಲವನ್ನು ಸೇರಿಸಿ ಕೆಲವನ್ನು ಬಿಟ್ಟು ಸಂಪಾದಿಸಿದ ಪಠ್ಯ.

ಇದು ಬರಿಯ ಅಲಂಕಾರದ ಮಾತಲ್ಲ. ಬ್ರಿಟಿಷ್ ಚಕ್ರಾಧಿಪತ್ಯದ ಯುದ್ಧಸಮಾಧಿಗಳ ಆಯೋಗ ಸ್ಥಾಪಿತವಾದದ್ದು 1917ರ ಮೇ 21ರಂದು. ಅದರ ಹಿಂದಿನ ಶಕ್ತಿ ಫೇಬಿಯನ್ ವೇರ್. ಸ್ಮಶಾನಗಳು ಹೇಗಿರಬೇಕೆಂದು 1918ರಲ್ಲಿ ವರದಿ ಬರೆದುಕೊಟ್ಟವರು ಸರ್ ಫ್ರೆಡರಿಕ್ ಕೆನ್ಯನ್. ಇವರು ಬ್ರಿಟಿಷ್ ಮ್ಯೂಸಿಯಂನ ನಿರ್ದೇಶಕರು. ಗ್ರೀಕ್ ಹಸ್ತಪ್ರತಿಗಳ ಪ್ರಸಿದ್ಧ ವಿದ್ವಾಂಸರು. ಅಥೆನ್ಸಿನ ರಾಜ್ಯವ್ಯವಸ್ಥೆಯನ್ನು ಕುರಿತ ಅರಿಸ್ಟಾಟಲನ ಗ್ರಂಥವನ್ನು ಪಪೈರಸ್ ಸುರುಳಿಯಿಂದ ಓದಿ 1891ರಲ್ಲಿ ಬೆಳಕಿಗೆ ತಂದವರು. ಸಾವಿರಾರು ಸಮಾಧಿಗಳ ವಿನ್ಯಾಸವನ್ನು ನಿರ್ಧರಿಸಿದ ಕೈ ಗ್ರಂಥಸಂಪಾದಕನ ಕೈ ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಮರೆಯಬಾರದು. ಆಯೋಗದ ಸಾಹಿತ್ಯ ಸಲಹೆಗಾರರಾಗಿ ಸ್ಮಾರಕಗಳ ವಾಕ್ಯಗಳನ್ನು ಆಯ್ದುಕೊಟ್ಟವರು ರಡ್ಯರ್ಡ್ ಕಿಪ್ಲಿಂಗ್. ಅವರ ಒಬ್ಬನೇ ಮಗ 1915ರಲ್ಲಿ ಲೂಸ್ ಕದನದಲ್ಲಿ ಕಣ್ಮರೆಯಾಗಿದ್ದ. ತಂದೆ ಬದುಕಿರುವವರೆಗೂ ಅವನ ಸಮಾಧಿ ಗೊತ್ತಾಗಲಿಲ್ಲ.

ಕೆನ್ಯನ್ ವರದಿಯ ತಿರುಳು ಸಮಾನತೆ. ಅಧಿಕಾರಿಗೂ ಸಾಮಾನ್ಯ ಸಿಪಾಯಿಗೂ ಒಂದೇ ಅಳತೆಯ, ಒಂದೇ ಆಕಾರದ ಕಲ್ಲು. ಶ್ರೀಮಂತರು ಹೆಣವನ್ನು ಸ್ವದೇಶಕ್ಕೆ ಒಯ್ಯುವಂತಿಲ್ಲ. ಮಡಿದವರು ಮಡಿದ ನೆಲದಲ್ಲಿಯೇ ಜೊತೆಗಾರರೊಡನೆ ಇರಬೇಕು. ಇಂದು ಸಹಜವೆಂಬಂತೆ ಕಾಣುವ ಈ ಏರ್ಪಾಡು ಆಗ ಕಹಿಯಾದ ವಿವಾದವನ್ನೆಬ್ಬಿಸಿತು. ಶಿಲುಬೆಯಾಕಾರದ ಕಲ್ಲು ಬೇಕೆಂದು ಸಾವಿರಾರು ಮಂದಿ ಸಹಿ ಹಾಕಿದ ಮನವಿ ಸಲ್ಲಿಕೆಯಾಯಿತು. 1920ರ ಮೇ 4ರಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಈ ಬಗ್ಗೆ ದೀರ್ಘ ಚರ್ಚೆ ನಡೆಯಿತು. ಮಗ ಯಾರಿಗೆ ಸೇರಿದವನು, ಮನೆಗೋ ಪ್ರಭುತ್ವಕ್ಕೋ ಎಂಬುದೇ ಆ ಚರ್ಚೆಯ ಒಳಪ್ರಶ್ನೆ. ಪ್ರಭುತ್ವ ಗೆದ್ದಿತು. ಮನೆಯವರಿಗೆ ಉಳಿದದ್ದು ಕಲ್ಲಿನ ಬುಡದಲ್ಲಿ ಅರವತ್ತಾರು ಅಕ್ಷರಗಳ ಜಾಗ.

ಈ ಅರವತ್ತಾರು ಅಕ್ಷರಗಳನ್ನು ಒಂದು ಸಾಹಿತ್ಯಪ್ರಕಾರವೆಂದೇ ಅಭ್ಯಾಸ ಮಾಡಬಹುದು. ಪದಗಳ ನಡುವಿನ ತೆರವೂ ಲೆಕ್ಕಕ್ಕೆ ಸೇರುತ್ತಿತ್ತು. ಮೊದಲಿಗೆ ಅಕ್ಷರವೊಂದಕ್ಕೆ ಮೂರೂವರೆ ಪೆನ್ನಿಯ ದರ; ಬಡವರು ಮೌನವಾಗಿರಬೇಕಾದೀತೆಂಬ ಟೀಕೆ ಬಂದ ಮೇಲೆ ಕೊಡುವುದು ಅವರವರ ಇಚ್ಛೆಗೆ ಬಿಟ್ಟಿತು. ನ್ಯೂಜಿಲೆಂಡ್ ಸರ್ಕಾರ ತನ್ನ ಸೈನಿಕರ ಕಲ್ಲುಗಳ ಮೇಲೆ ಇಂಥ ಬರೆಹಕ್ಕೆ ಅವಕಾಶವನ್ನೇ ಕೊಡಲಿಲ್ಲ. ಹೆಚ್ಚಿನ ಮನೆಯವರು ಬೈಬಲ್ಲಿನ ನುಡಿಯನ್ನೋ ಪ್ರಾರ್ಥನೆಯ ಸಾಲನ್ನೋ ಆರಿಸಿಕೊಂಡರು. ಕೆಲವರು ಹಾಗೆ ಮಾಡಲಿಲ್ಲ. ಟೈನ್ ಕಾಟ್‌ನಲ್ಲಿ 1917ರ ಆಗಸ್ಟಿನಲ್ಲಿ ಸತ್ತ ಯುವ ಅಧಿಕಾರಿಯೊಬ್ಬನ ಕಲ್ಲಿದೆ. ಯುದ್ಧದಿಂದ ಯುದ್ಧವನ್ನು ಕೊನೆಗಾಣಿಸಬಹುದೆಂಬ ಭ್ರಮೆಗೆ ಇವನು ಬಲಿಯಾದನೆಂಬ ಅರ್ಥದ ಬರೆಹ ಅದರ ಮೇಲಿದೆ. ರಾಜಶಾಸನದ ಕಲ್ಲಿನ ಮೇಲೆಯೇ ರಾಜನೀತಿಗೆ ಎದುರಾಡಿದ ಒಂದು ವಾಕ್ಯ. ಬಸ್ಸು ಅಲ್ಲಿ ನಲವತ್ತು ನಿಮಿಷ ನಿಲ್ಲುತ್ತದೆಂದುಕೊಂಡರೂ, ಅದನ್ನು ಓದದೆ ಹಿಂದಿರುಗುವವರೇ ಬಹುಮಂದಿ. ಏಕೆಂದರೆ ಅಲ್ಲಿ ಸುಮಾರು 12,000 ಸಮಾಧಿಗಳಿವೆ. ಅವುಗಳಲ್ಲಿ 8,300ಕ್ಕೂ ಹೆಚ್ಚು ಕಲ್ಲುಗಳ ಮೇಲೆ ಹೆಸರಿಲ್ಲ. ದೇವರಿಗೆ ಮಾತ್ರ ಗೊತ್ತಿರುವವನು ಎಂಬರ್ಥದ, ಕಿಪ್ಲಿಂಗ್ ಆಯ್ದ ನುಡಿ ಮಾತ್ರ ಇದೆ. ಹಿಂಬದಿಯ ಗೋಡೆಯ ಮೇಲೆ ದೇಹ ಸಿಗದ, ಅಥವಾ ಸಿಕ್ಕರೂ ಗುರುತು ಹತ್ತದ, ಸುಮಾರು 35,000 ಮಂದಿಯ ಹೆಸರುಗಳು. ಇತ್ತ ಹೆಸರಿಲ್ಲದ ದೇಹ, ಅತ್ತ ದೇಹವಿಲ್ಲದ ಹೆಸರು. ಎರಡನ್ನೂ ಕೂಡಿಸುವ ದಾರಿ ಕಡಿದುಹೋಗಿದೆ. ಅಲ್ಲಿನ ಸಂದರ್ಶಕರ ಕೇಂದ್ರದಲ್ಲಿ ಹೆಣ್ಣುದನಿಯೊಂದು ಆ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಿರುತ್ತದೆ. ಪ್ರವಾಸದ ಇಡೀ ದಿನದಲ್ಲಿ ಸರಿಯಾದ ವೇಗ ಅದೊಂದರದೇ.

ಮೆನಿನ್ ಗೇಟ್‌ನ ಗೋಡೆಗಳ ಮೇಲೆ 54,000ಕ್ಕೂ ಹೆಚ್ಚು ಹೆಸರುಗಳಿವೆ. ರೆಜಿನಾಲ್ಡ್ ಬ್ಲೂಮ್‌ಫೀಲ್ಡ್ ವಿನ್ಯಾಸಗೊಳಿಸಿದ ಈ ದ್ವಾರ 1927ರ ಜುಲೈ 24ರಂದು ಉದ್ಘಾಟನೆಯಾಯಿತು. ಅಷ್ಟು ದೊಡ್ಡ ಕಟ್ಟಡವೂ ಸಾಲದೆ, 1917ರ ಆಗಸ್ಟ್ ಮಧ್ಯಭಾಗದ ಅನಂತರ ಕಣ್ಮರೆಯಾದ ಬ್ರಿಟಿಷ್ ಸೈನಿಕರ ಹೆಸರುಗಳನ್ನು ಟೈನ್ ಕಾಟ್‌ನ ಗೋಡೆಗೆ ವರ್ಗಾಯಿಸಬೇಕಾಯಿತು. ಕಂದಕದಲ್ಲಿ ಹೋರಾಡಿದ್ದ ಕವಿ ಸೀಗ್‌ಫ್ರೀಡ್ ಸಸೂನ್ ಈ ದ್ವಾರವನ್ನು ಕಂಡು ಸಿಡಿದೆದ್ದು ಕವಿತೆ ಬರೆದರು. ಕೊಲೆಯನ್ನು ವೈಭವವಾಗಿಸುವ ಕಟ್ಟಡವೆಂಬುದು ಅವರ ಕೋಪ. ಆ ಕೋಪಕ್ಕೆ ಆಧಾರವಿದೆ. ದ್ವಾರ ರೋಮನ್ ವಿಜಯತೋರಣವನ್ನು ನೆನಪಿಸುವುದು ನಿಜ. ಆದರೂ ಹತ್ತಿರ ಹೋಗಿ ಓದಿದವರಿಗೆ ಇನ್ನೊಂದು ಸಂಗತಿ ಗೋಚರಿಸುತ್ತದೆ. ಇಂದಿಗೂ ಹೊಲದಲ್ಲಿ, ರಸ್ತೆಯ ಕಾಮಗಾರಿಯಲ್ಲಿ ಅಸ್ಥಿಗಳು ಸಿಗುತ್ತವೆ. ಗುರುತು ಪತ್ತೆಯಾದಾಗ ಆ ಸೈನಿಕನಿಗೆ ಹೆಸರುಳ್ಳ ಸಮಾಧಿ ದೊರೆಯುತ್ತದೆ. ಕಾಲಕ್ರಮದಲ್ಲಿ ಅವನ ಹೆಸರನ್ನು ಗೋಡೆಯಿಂದ ತೆಗೆಯುತ್ತಾರೆ. ಗೋಡೆಯಿಂದ ಅಳಿಸುವುದೇ ಇಲ್ಲಿ ಗೌರವ. ಪಾಠಪರಿಷ್ಕರಣ ಇನ್ನೂ ನಡೆಯುತ್ತಿರುವ ಗ್ರಂಥ ಅದು.

ಜರ್ಮನರ ಪಠ್ಯ ಬೇರೆ. ಲಾಂಗೆಮಾರ್ಕ್‌ನಲ್ಲಿ 44,000ಕ್ಕೂ ಹೆಚ್ಚು ಮಂದಿಯ ಅವಶೇಷಗಳಿವೆ; ಅವರಲ್ಲಿ ಸುಮಾರು 25,000 ಮಂದಿ ಒಂದೇ ಸಾಮೂಹಿಕ ಸಮಾಧಿಯಲ್ಲಿದ್ದಾರೆ. ನೆಲಕ್ಕೆ ಒರಗಿದ ಕಪ್ಪನೆಯ ಫಲಕಗಳು, ಓಕ್ ಮರಗಳ ನೆರಳು. ಇಲ್ಲಿ ಎಚ್ಚರಿಕೆ ಬೇಕು. 1914ರ ನವೆಂಬರಿನಲ್ಲಿ ತರುಣ ವಿದ್ಯಾರ್ಥಿಗಳು ದೇಶಗೀತೆ ಹಾಡುತ್ತ ಶತ್ರುವಿನತ್ತ ನುಗ್ಗಿ ಮಡಿದರೆಂಬ ಕಥೆ ಈ ಊರಿಗೆ ಅಂಟಿಕೊಂಡಿದೆ. ಆ ದಳಗಳಲ್ಲಿ ವಿದ್ಯಾರ್ಥಿಗಳು ಅಲ್ಪಸಂಖ್ಯಾತರೆಂದು ಸಂಶೋಧಕರು ತೋರಿಸಿಯಾಗಿದೆ. ಆದರೆ ಕಥೆ ಬೆಳೆಯಿತು, ಪಠ್ಯಪುಸ್ತಕ ಸೇರಿತು, ನಾತ್ಸಿಗಳ ಕೈಯಲ್ಲಿ ಮುಂದಿನ ಯುದ್ಧದ ಮೇವಾಯಿತು. 1940ರ ಜೂನಿನಲ್ಲಿ ಹಿಟ್ಲರ್ ಈ ಸ್ಮಶಾನಕ್ಕೆ ಬಂದದ್ದು ಸುಮ್ಮನೆ ಅಲ್ಲ. ಸತ್ತವರ ಹೆಸರನ್ನು ಬದಿಗಿಟ್ಟು ಅವರನ್ನು ಒಂದು ಸಮೂಹಗಾನವನ್ನಾಗಿ ಮಾಡಿದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಅಲ್ಲಿಂದ ಉತ್ತರಕ್ಕೆ ವ್ಲಾಡ್ಸ್‌ಲೋ ಎಂಬಲ್ಲಿ ಮತ್ತೊಂದು ಜರ್ಮನ್ ಸ್ಮಶಾನವಿದೆ. ಬಸ್ಸುಗಳ ಸಾಮಾನ್ಯ ದಾರಿಯಿಂದ ಅದು ತುಸು ಹೊರಗೆ. 1914ರ ಅಕ್ಟೋಬರಿನಲ್ಲಿ ಮಡಿದ ಪೀಟರ್ ಕೋಲ್ವಿಟ್ಸ್‌ನ ಹೆಸರು ಅಲ್ಲಿನ ಒಂದು ಫಲಕದ ಮೇಲೆ, ಇತರ ಹೆಸರುಗಳ ಜೊತೆಗೆ, ಇದೆ. ಅವನ ತಾಯಿ ಕೇಟೆ ಕೋಲ್ವಿಟ್ಸ್ ಹೆಸರಾಂತ ಶಿಲ್ಪಿ ಹಾಗೂ ಚಿತ್ರಕಾರ್ತಿ. ಮಗನ ಸ್ಮಾರಕವೊಂದನ್ನು ಮಾಡಬೇಕೆಂದು ಹೊರಟ ಆಕೆ ವರ್ಷಗಟ್ಟಲೆ ಯೋಚಿಸಿ, ಕೆಡವಿ, ಮತ್ತೆ ತೊಡಗಿ ಕೊನೆಗೆ ಮಗನ ಪ್ರತಿಮೆಯನ್ನು ಮಾಡಲೇ ಇಲ್ಲ. 1932ರಲ್ಲಿ ನೆಲೆಗೊಳಿಸಿದ್ದು ಮಂಡಿಯೂರಿದ ತಂದೆತಾಯಿಯರ ಎರಡು ಶಿಲ್ಪಗಳನ್ನು. ತಂದೆ ಸೆಟೆದು, ಕೈಗಳನ್ನು ತನಗೆ ತಾನೇ ಬಿಗಿದುಕೊಂಡಿದ್ದಾನೆ, ತಾಯಿ ಬಾಗಿದ್ದಾಳೆ. ಇಬ್ಬರ ನಡುವೆ ತೆರವಿದೆ. ದುಃಖ ಗಂಡಹೆಂಡಿರನ್ನು ಒಂದುಗೂಡಿಸುತ್ತದೆಂಬ ಸುಲಭದ ಸಮಾಧಾನವನ್ನು ಶಿಲ್ಪಿ ನೀಡಿಲ್ಲ. ಒಂದು ದಿನದಲ್ಲಿ ಒಂದೇ ಸ್ಥಳಕ್ಕೆ ಹೋಗಲು ಸಾಧ್ಯವೆಂದಾದರೆ, ಕಂದಕಗಳನ್ನು ಬಿಟ್ಟು ಇಲ್ಲಿಗೆ ಹೋಗುವುದೇ ಲೇಸು.

ಭಾರತೀಯ ಓದುಗನ ಮಟ್ಟಿಗೆ ಇನ್ನೊಂದು ಸ್ಥಳವೂ ಉಂಟು. ಈಪರ್‌ನಿಂದ ದಕ್ಷಿಣಕ್ಕೆ, ಫ್ರಾನ್ಸಿನ ಗಡಿಯೊಳಗೆ, ಒಂದು ಗಂಟೆಯ ಹಾದಿಯಲ್ಲಿ ನೆವ್ ಶಪೆಲ್ ಎಂಬ ಹಳ್ಳಿಯಿದೆ. 1914ರ ಸೆಪ್ಟೆಂಬರ್ ಕೊನೆಗೆ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದ ಭಾರತೀಯ ದಳಗಳು ಮುಂದಿನ ತಿಂಗಳೇ ಈಪರ್‌ನ ಸುತ್ತಿನ ಕಂದಕಗಳಲ್ಲಿದ್ದವು. ಮೆನಿನ್ ಗೇಟ್‌ನ ಮೇಲೆಯೂ ನಾನೂರಕ್ಕೂ ಮಿಗಿಲಾದ ಭಾರತೀಯರ ಹೆಸರುಗಳಿವೆ. 1915ರ ಮಾರ್ಚ್ 10ರಿಂದ 13ರವರೆಗೆ ನೆವ್ ಶಪೆಲ್‌ನಲ್ಲಿ ನಡೆದ ಕದನದಲ್ಲಿ ಭಾರತೀಯ ಸೇನಾಭಾಗಕ್ಕೆ ಆದ ಸಾವುನೋವು 4,200ರ ಆಸುಪಾಸು. ಅಲ್ಲಿನ ಸ್ಮಾರಕ 1927ರ ಅಕ್ಟೋಬರ್ 7ರಂದು ಉದ್ಘಾಟನೆಯಾಯಿತು. ವಾಸ್ತುಶಿಲ್ಪಿ ಹರ್ಬರ್ಟ್ ಬೇಕರ್, ಟೈನ್ ಕಾಟ್‌ನ ವಿನ್ಯಾಸವೂ ಅವರದೇ. ವೃತ್ತಾಕಾರದ ಆವರಣ, ಸಾಂಚಿಯ ಕಟಾಂಜನವನ್ನು ನೆನಪಿಸುವ ಕಲ್ಲಿನ ಜಾಲರಿ, ಅಶೋಕಸ್ತಂಭದ ಜಾಡಿನ ಹದಿನೈದು ಮೀಟರ್ ಎತ್ತರದ ಕಂಬ, ಅದರ ತುದಿಯಲ್ಲಿ ಕಮಲ, ಕಮಲದ ಮೇಲೆ ಬ್ರಿಟಿಷ್ ಕಿರೀಟ. ಕಾಪಿಗೆ ಎರಡು ಹುಲಿಗಳು. ಅಹಿಂಸೆಯತ್ತ ತಿರುಗಿದ ಚಕ್ರವರ್ತಿಯ ಸ್ತಂಭವನ್ನು ಇನ್ನೊಂದು ಚಕ್ರಾಧಿಪತ್ಯ ತನ್ನ ಯುದ್ಧಕ್ಕೆ ಎರವಲು ಪಡೆದ ವ್ಯಂಗ್ಯವನ್ನು ಪ್ರತ್ಯೇಕವಾಗಿ ವಿವರಿಸಬೇಕಿಲ್ಲ. ಒಳಗೋಡೆಯ ಮೇಲೆ 4,700ಕ್ಕೂ ಹೆಚ್ಚು ಹೆಸರುಗಳು, ದಳವಾರು. ಸಂಧ್ಯೆಯ ಕಹಳೆಯನ್ನು ತಪ್ಪಿಸಿಕೊಳ್ಳಬಾರದೆಂಬ ಅವಸರದಲ್ಲಿ ಹೆಚ್ಚಿನ ಒಂದು ದಿನದ ಪ್ರವಾಸಗಳು ಇಲ್ಲಿಯವರೆಗೆ ಬರುವುದಿಲ್ಲ.

ಬಂದವರೂ ಹೆಸರುಗಳನ್ನು ಜಾಗರೂಕತೆಯಿಂದ ಓದಬೇಕು. ಮಾರ್ಚ್ 10ರಂದೇ ಮಡಿದು ವಿಕ್ಟೋರಿಯಾ ಕ್ರಾಸ್ ಪಡೆದ ಗಢವಾಲಿ ಯೋಧನನ್ನು ಅವನ ನಾಡಿನವರು ಗಬರ್ ಸಿಂಗ್ ನೇಗಿ ಎನ್ನುತ್ತಾರೆ. ಉತ್ತರಾಖಂಡದ ಚಂಬಾದಲ್ಲಿ ಅವನ ನೆನಪಿಗೆ ಏಪ್ರಿಲ್‌ನಲ್ಲಿ ಮೇಳ ನಡೆಯುತ್ತದೆ. ಆಂಗ್ಲ ದಾಖಲೆಗಳಲ್ಲಿ ಅವನು ಗೋಬರ್ ಸಿಂಗ್. ಹಿಂದಿಯಲ್ಲಿ ಗೋಬರ್ ಎಂದರೆ ಸಗಣಿ. ಮಕ್ಕಳಿಗೆ ದೃಷ್ಟಿ ತಾಗದಿರಲೆಂದು ಅಂಥ ಹೆಸರಿಡುವ ರೂಢಿ ಉತ್ತರದಲ್ಲಿಯೂ ಇದೆ, ತಿಪ್ಪಯ್ಯ ಗುಂಡಪ್ಪರ ನಾಡಿನಲ್ಲಿಯೂ ಇದೆ. ಆದ್ದರಿಂದ ಇದು ಗುಮಾಸ್ತನ ಲೇಖನದೋಷವೋ ಮನೆಯವರಿಟ್ಟ ಹೆಸರೋ ಎಂದು ಅವಸರದ ತೀರ್ಪು ಸಲ್ಲದು. ಆದರೆ ಪ್ರಶ್ನೆಯನ್ನು ಕೇಳಬೇಕಾದವರು ಭಾಷೆ ಬಲ್ಲವರೇ. ಸೈನಿಕ ಇತಿಹಾಸಕಾರನಿಗೆ ಅದು ದಾಖಲೆಯ ಒಂದು ರೂಪಾಂತರ. ಭಾಷೆಯ ವಿದ್ಯಾರ್ಥಿಗೆ ಒಬ್ಬ ಮನುಷ್ಯನ ಮನೆಯ ಬಾಗಿಲು.

ಕಲ್ಲಿನ ಸಮಾನತೆಯ ತತ್ತ್ವ ಫ್ಲ್ಯಾಂಡರ್ಸಿನಲ್ಲಿ ಬಹುಮಟ್ಟಿಗೆ ನಿಂತಿತು. ನೆವ್ ಶಪೆಲ್‌ನಲ್ಲಿ ಸಿಪಾಯಿಯ ಹೆಸರೂ ಸುಬೇದಾರನ ಹೆಸರೂ ಕೆತ್ತಲ್ಪಟ್ಟವು. ಪ್ರವಾಸಿ ಈ ಸಮಾನತೆಯನ್ನು ಮೆಚ್ಚಿ ಮನೆಗೆ ಮರಳುತ್ತಾನೆ. ಅವನು ತಿಳಿಯದೇ ಹೋಗುವುದು ಈ ತತ್ತ್ವ ಯೂರೋಪಿನ ಆಚೆಗೆ ಹೇಗೆ ಕುಗ್ಗಿತೆಂಬುದನ್ನು. ಪೂರ್ವ ಆಫ್ರಿಕದ ರಣರಂಗದಲ್ಲಿ ಹೊರೆ ಹೊತ್ತು, ರೋಗಕ್ಕೂ ಹಸಿವಿಗೂ ಸತ್ತ ಆಫ್ರಿಕನ್ ಕೂಲಿಗಳ ಸಮಾಧಿಗಳನ್ನು ಆಡಳಿತ ಪ್ರಜ್ಞಾಪೂರ್ವಕವಾಗಿ ಬಿಟ್ಟುಬಿಟ್ಟಿತು. ಶಿಲಾಫಲಕದ ಅರ್ಥ ಅಲ್ಲಿನ ಜನಕ್ಕೆ ಆಗದೆಂದು ವಸಾಹತಿನ ಅಧಿಕಾರಿಗಳು ಬರೆದರು. ಹೆಸರುಗಳ ಬದಲು ನೈರೋಬಿ, ಮೊಂಬಾಸಾ, ದಾರ್ ಎಸ್ ಸಲಾಮ್‌ಗಳಲ್ಲಿ ಕಂಚಿನ ಪ್ರತಿಮೆಗಳನ್ನು ನಿಲ್ಲಿಸಿದರು. ದೇಶಕ್ಕಾಗಿ ಹೋರಾಡಿ ಸತ್ತರೂ ಮಕ್ಕಳು ನಿಮ್ಮ ಹೆಸರನ್ನು ನೆನೆಯುತ್ತಾರೆ ಎಂಬರ್ಥದ ವಾಕ್ಯವನ್ನು ಅವುಗಳಿಗೆ ಬರೆದುಕೊಟ್ಟವರು ಅದೇ ಕಿಪ್ಲಿಂಗ್. ಹೆಸರನ್ನು ನೆನೆಯುತ್ತಾರೆ ಎನ್ನುವ ಪೀಠದ ಮೇಲೆ ಹೊರೆಯಾಳಿನ ಹೆಸರು ಒಂದೂ ಇಲ್ಲ. ಅವರ ದಳದ ಇಂಗ್ಲಿಷ್ ಹೆಸರು ಜನರ ಬಾಯಲ್ಲಿ ಸವೆದು ನೈರೋಬಿಯಲ್ಲಿ ಕರಿಯಾಕೋರ್ ಎಂಬ ಬಡಾವಣೆಯಾಗಿ, ದಾರ್ ಎಸ್ ಸಲಾಮ್‌ನಲ್ಲಿ ಕರಿಯಾಕೂ ಎಂಬ ಮಾರುಕಟ್ಟೆಯಾಗಿ ಉಳಿದಿದೆ. ಕಲ್ಲು ಮಾಡದ ಕೆಲಸವನ್ನು ನಾಲಗೆ ಮಾಡಿತು.

ಇದು ಈಗ ಗುಟ್ಟಲ್ಲ. ಆಯೋಗವೇ ನೇಮಿಸಿದ ಸಮಿತಿಯ ವರದಿ 2021ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ಭಾರತ, ಆಫ್ರಿಕ, ಈಜಿಪ್ಟ್, ಸೊಮಾಲಿಯಾಗಳಿಗೆ ಸೇರಿದ 45,000ದಿಂದ 54,000 ಮಂದಿಯನ್ನು ಅಸಮಾನವಾಗಿ ಸ್ಮರಿಸಲಾಗಿದೆ. ಕನಿಷ್ಠ 1,16,000, ಪ್ರಾಯಶಃ 3,50,000ದವರೆಗಿನ ಮಂದಿಯನ್ನು ಹೆಸರಿನಿಂದ ಸ್ಮರಿಸಿಲ್ಲ, ಅಥವಾ ಸ್ಮರಿಸಿಯೇ ಇಲ್ಲ. ಆಯೋಗ ಕ್ಷಮೆ ಕೇಳಿತು. ಬ್ರಿಟನ್ನಿನ ರಕ್ಷಣಾ ಸಚಿವರೂ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದರು. ಆ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಗಮನಿಸಬೇಕು. ಎಷ್ಟು ಮಂದಿಯನ್ನು ಮರೆತೆವು ಎಂಬುದನ್ನೂ ಎಣಿಸಲಾಗದಷ್ಟು ಮರೆವು ಅದು.

ಕನ್ನಡದ ಶಾಸನಗಳನ್ನು ಓದಿದವರಿಗೆ ಇಲ್ಲಿ ಆತಕೂರಿನ ಕಲ್ಲು ನೆನಪಿಗೆ ಬರದಿರದು. ಕ್ರಿ.ಶ. 949-50ರ ಆ ಶಾಸನ ತಕ್ಕೋಲದ ಯುದ್ಧವನ್ನು ಹೇಳುತ್ತದೆ, ರಾಷ್ಟ್ರಕೂಟ ಮೂರನೆಯ ಕೃಷ್ಣನನ್ನೂ ಗಂಗ ಬೂತುಗನನ್ನೂ ಮಣಲೇರನೆಂಬ ವೀರನನ್ನೂ ಹೆಸರಿಸುತ್ತದೆ. ಜೊತೆಗೆ ಕಾಳಿಯನ್ನೂ ಹೆಸರಿಸುತ್ತದೆ. ಕಾಳಿ ಒಂದು ಬೇಟೆನಾಯಿ. ಹಂದಿಯೊಡನೆ ಕಾದಿ ಸತ್ತದ್ದು. ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೆ ಕಟ್ಟಳೆ ಮಾಡಿದರು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಈ ಕಲ್ಲನ್ನು ಮುಂದಿಟ್ಟು ಹತ್ತನೆಯ ಶತಮಾನದ ಕನ್ನಡನಾಡು ಸಮಾನತೆಯ ಬೀಡೆಂದು ಬೀಗುವುದು ತಪ್ಪಾದೀತು. ತಕ್ಕೋಲದಲ್ಲಿ ಸತ್ತ ಸಾಮಾನ್ಯ ಆಳುಗಳಲ್ಲಿ ಬಹುಮಂದಿಗೆ ಕಲ್ಲೂ ಇಲ್ಲ, ಹೆಸರೂ ಇಲ್ಲ. ಹೆಸರು ಉಳಿಯುವುದು ಯಾರೋ ಅದನ್ನು ಕೇಳಿಕೊಂಡು ಖರ್ಚು ವಹಿಸಿದಾಗ ಮಾತ್ರ. ನಾಯಿಗೆ ಮಣಲೇರನಿದ್ದ. ಹೊರೆಯಾಳಿಗೆ ಯಾರೂ ಇರಲಿಲ್ಲ.

ಈ ಮಾತು ಇನ್ನೂ ಹತ್ತಿರಕ್ಕೂ ಅನ್ವಯಿಸುತ್ತದೆ. 1918ರ ಸೆಪ್ಟೆಂಬರ್ 23ರಂದು ಹೈಫಾವನ್ನು ಗೆದ್ದ ಅಶ್ವದಳಗಳಲ್ಲಿ ಜೋಧಪುರದವರ ಜೊತೆಗೆ ಮೈಸೂರು ಲ್ಯಾನ್ಸರ್ಸ್ ಇದ್ದರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಈಚಿನ ವರ್ಷಗಳಲ್ಲಿ ಈ ವಿಜಯದ ಸ್ಮರಣೆ ಅದ್ದೂರಿಯಾಗಿ ನಡೆಯುತ್ತಿದೆ, ಭಾಷಣಗಳು ಬೆಳೆಯುತ್ತಿವೆ. ಆದರೆ ಆ ಸವಾರರಲ್ಲಿ ಒಬ್ಬನ ಹೆಸರನ್ನಾದರೂ ಹೇಳಬಲ್ಲ ಕನ್ನಡ ವಿದ್ಯಾರ್ಥಿಗಳು ಎಷ್ಟು ಮಂದಿ? ಶೌರ್ಯವೆಂಬ ಒಂದು ಪದದ ಕೆಳಗೆ ಎಲ್ಲರನ್ನೂ ಕೂಡಿಹಾಕುವುದು ಲಾಂಗೆಮಾರ್ಕ್‌ನ ಕಥೆಗಾರರು ಹಿಡಿದ ದಾರಿಯೇ. ಸಂಬಳಕ್ಕೆ, ಮನೆಯ ಬಡತನಕ್ಕೆ, ಮರ್ಯಾದೆಗೆ, ದೊರೆಯ ಮಾತಿಗೆ ಹೋದವರು ಅವರು. ಆ ಬದುಕಿನ ರುಚಿ ಬೇಕಾದವರು ಫ್ಲ್ಯಾಂಡರ್ಸಿಗೆ ಹೋದ ಪಂಜಾಬಿ ಸಿಪಾಯಿಯ ಕಥೆಯನ್ನು ಮುಲ್ಕ್ ರಾಜ್ ಆನಂದ್ ಬರೆದ ‘ಅಕ್ರಾಸ್ ದಿ ಬ್ಲ್ಯಾಕ್ ವಾಟರ್ಸ್’ ಕಾದಂಬರಿಯಲ್ಲಿ ಓದಬಹುದು. ಸೇನೆಯ ಸೆನ್ಸಾರ್ ಅಧಿಕಾರಿಗಳು ಅನುವಾದಿಸಿಟ್ಟ ಭಾರತೀಯ ಸೈನಿಕರ ಪತ್ರಭಾಗಗಳನ್ನು ಡೇವಿಡ್ ಒಮಿಸ್ಸಿ 1999ರಲ್ಲಿ ಸಂಪಾದಿಸಿ ಪ್ರಕಟಿಸಿದ ಸಂಕಲನದಲ್ಲಿ ಓದಬಹುದು. ಪತ್ರ ಬರೆಯಲು ಬಾರದವರು ಬರೆಯಿಸಿದ ಪತ್ರಗಳೂ ಅಲ್ಲಿವೆ: ಆಡಿದವನೊಬ್ಬ, ಬರೆದವನೊಬ್ಬ, ಅನುವಾದಿಸಿದವನೊಬ್ಬ. ಕಲ್ಲುಗಳ ಹಾಗೆಯೇ ಹಲವು ಕೈ ದಾಟಿ ಬಂದ ಪಠ್ಯ.

ನೆವ್ ಶಪೆಲ್‌ನ ಸ್ಮಾರಕದ ಎದುರಿಗೇ, ರಸ್ತೆಯ ಆಚೆ, ಪೋರ್ಚುಗೀಸ್ ಸೈನಿಕರ ಸ್ಮಶಾನವಿದೆ. ಅಲ್ಲಿ 1,831 ಸಮಾಧಿಗಳು. ನಡುವಿನ ಕೂಡುರಸ್ತೆಯಲ್ಲಿ ಲಾರಿಗಳು ನಿಲ್ಲದೆ ಓಡುತ್ತಿರುತ್ತವೆ. ಆಯೋಗದ ದಾಖಲೆಗಳಲ್ಲಿ ಈ ಗೋಡೆಯ ಅನೇಕ ಭಾರತೀಯ ಹೆಸರುಗಳ ಮುಂದೆ ತಂದೆಯ ಹೆಸರು, ಊರು, ತಾಲೂಕು, ಜಿಲ್ಲೆಗಳಿವೆ. ಕೆಲವಕ್ಕೆ ಹೆಂಡತಿಯ ಹೆಸರೂ ಇದೆ. ಮೆನಿನ್ ಗೇಟ್‌ನ ಕಹಳೆ ಮೊಳಗುವ ಎಂಟು ಗಂಟೆಯವರೆಗೆ ಈ ಗೋಡೆಯ ಎದುರು ನಿಂತು ಓದಿದರೆ, ಒಂದು ದಳದ ಒಂದು ಫಲಕ ಮುಗಿದೀತು.